ಮೇಕೆ ಕಾಯೋದಕ್ಕೂ ವಿಜ್ಞಾನ ಬೇಕು



"ಓದದೆ ಹೋದರೆ ಮೇಕೆ ಕಾಯೋಕೆ ಹೋಗು!" ಈ ಬೈಗುಳ ಕೇಳದೆ ಬೆಳೆದವರು ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ಅಪರೂಪ. ಏನೂ ಬಾರದವರು ಮಾಡುವ ಕೆಲಸ ಅದು ಅಂತ ಈ ಮಾತಿನ ಅರ್ಥ. ಆದರೆ ನಿಮ್ಮ ಮನೆಯ ಹಿತ್ತಲಲ್ಲಿ ಕಟ್ಟಿರುವ ಎರಡು ಮೇಕೆಗಳನ್ನ ಒಂದು ವರ್ಷ ಸಾಯದ ಹಾಗೆ, ಹಾಲು ಬತ್ತದ ಹಾಗೆ, ಮರಿ ಉಳಿಯೋ ಹಾಗೆ ನೋಡ್ಕೊಳ್ಳಿ ನೋಡೋಣ. ಎಂಟು, ಒಂಬತ್ತು, ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಅರ್ಧ ಪಾಠಗಳು ಅಲ್ಲೇ ಬೇಕಾಗುತ್ತವೆ. ಆಮ್ಲ, ಪ್ರತ್ಯಾಮ್ಲ, ಜೀರ್ಣಕ್ರಿಯೆ, ರಕ್ತ, ಪ್ರತಿಕಾಯ, ಸೂಕ್ಷ್ಮಜೀವಿ, ಶೇಕಡಾವಾರು ಲೆಕ್ಕ, ಎಲ್ಲವೂ.

ನಮ್ಮದು ಮಳೆ ಕಡಿಮೆ ಬೀಳುವ ಸೀಮೆ. ಅನಂತಪುರ ಭಾಗದಲ್ಲಿ ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸು ಮಳೆ. 2022ರ ಏಪ್ರಿಲ್‌ನಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ಮೋಡದ ಲೆಕ್ಕ ಬದಲಾಗಲಿಲ್ಲ. ಕಡಲೆಕಾಯಿ ಬಿತ್ತಿ ಮುಗಿಲು ನೋಡೋದು ಇಲ್ಲಿನ ಹಳೇ ಅಭ್ಯಾಸ. ಬೆಳೆ ಕೈ ಕೊಟ್ಟ ವರ್ಷ ಮನೆಯನ್ನ ನಡೆಸೋದು ಯಾವುದು? ಎಷ್ಟೋ ಮನೆಗಳಲ್ಲಿ ಕುರಿ, ಮೇಕೆ. ಸಂತೆಗೆ ಒಂದು ಮೇಕೆ ಹೊಡ್ಕೊಂಡು ಹೋದರೆ ಸಂಜೆಗೆ ಕೈಯಲ್ಲಿ ದುಡ್ಡು. ಅದು ಆಸ್ಪತ್ರೆಗೂ ಆಗುತ್ತೆ, ನಿಮ್ಮ ಪುಸ್ತಕಕ್ಕೂ ಆಗುತ್ತೆ. ಆದ್ದರಿಂದ ಒಂದು ಮೇಕೆ ಸತ್ತರೆ ಆ ಮನೆಯ ಉಳಿತಾಯವೇ ಹೋದ ಹಾಗೆ.

2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಸುಮಾರು 14.9 ಕೋಟಿ ಮೇಕೆಗಳಿದ್ದವು. ಆಂಧ್ರಪ್ರದೇಶದಲ್ಲಿ ಸುಮಾರು 55 ಲಕ್ಷ. ಇಲ್ಲಿ ಕುರಿಗಳೇ ಜಾಸ್ತಿ, ಸುಮಾರು 1.76 ಕೋಟಿ. ಆದರೂ ಕುರಿ ಮಂದೆಯನ್ನ ಗಮನಿಸಿ ನೋಡಿ. ನೂರು ಕುರಿ ನಡುವೆ ನಾಲ್ಕೈದು ಮೇಕೆ ಇದ್ದೇ ಇರುತ್ತವೆ. ಕುರಿ ಕಾಯುವವರ ಟೀಗೆ ಹಾಲು ಬೇಕು, ತಾಯಿ ಸತ್ತ ಕುರಿಮರಿಗೂ ಹಾಲು ಬೇಕು. ಆ ಹಾಲು ಕೊಡೋದು ಮೇಕೆ.

ಆಡು ಮುಟ್ಟದ ಸೊಪ್ಪಿಲ್ಲವೇ?

"ಆಡು ಮುಟ್ಟದ ಸೊಪ್ಪಿಲ್ಲ" ಅನ್ನೋದು ಎಲ್ಲರಿಗೂ ಗೊತ್ತಿರುವ ಗಾದೆ. ವಿಜ್ಞಾನದ ವಿದ್ಯಾರ್ಥಿ ಗಾದೆಯನ್ನೂ ಪರೀಕ್ಷೆ ಮಾಡಬೇಕು. ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆ ಗಿಡ ನೋಡಿದ್ದೀರಲ್ಲ? ತಮಿಳಿನಲ್ಲಿ ಅದಕ್ಕೆ ಆಡಾತೊಡೈ ಅಂತಾರೆ. ಆಡು ಮುಟ್ಟದ್ದು ಎಂದು ಅದರ ಅರ್ಥ ಹೇಳುತ್ತಾರೆ. ಅದೇ ಹೆಸರು ಸಸ್ಯಶಾಸ್ತ್ರಕ್ಕೂ ಹೋಗಿ ಜಸ್ಟೀಸಿಯಾ ಅಧಾತೋಡಾ ಆಯಿತು. ಅದರ ಎಲೆಯಲ್ಲಿ ವಾಸಿಸಿನ್ ಎಂಬ ಕಹಿಯಾದ ಆಲ್ಕಲಾಯ್ಡ್ ಇದೆ. ಅಂದರೆ ಗಾದೆಗೆ ಉತ್ತರ ಗಿಡದ ಹೆಸರಲ್ಲೇ ಇದೆ.

ನಿಜ ಏನೆಂದರೆ ಮೇಕೆ ಎಲ್ಲವನ್ನೂ ಮುಟ್ಟುತ್ತೆ, ಎಲ್ಲವನ್ನೂ ತಿನ್ನಲ್ಲ. ಹಸು ನಾಲಿಗೆ ಸುತ್ತಿ ಹುಲ್ಲನ್ನ ಕಿತ್ತುಕೊಳ್ಳುತ್ತೆ. ಕುರಿ ನೆಲಕ್ಕೆ ಬಾಯಿ ಹಚ್ಚಿ ಮೇಯುತ್ತೆ. ಮೇಕೆ ಮಾತ್ರ ತಲೆ ಎತ್ತಿ, ಹಿಂಗಾಲ ಮೇಲೆ ನಿಂತು, ಜಾಲಿಯ ಮುಳ್ಳುಗಳ ನಡುವೆ ಚುರುಕಾದ ತುಟಿ ತೂರಿಸಿ ಚಿಗುರನ್ನಷ್ಟೇ ಆರಿಸುತ್ತೆ. ಇಲ್ಲೊಂದು ಕಚ್ಚು, ಅಲ್ಲೊಂದು ಕಚ್ಚು. ಹೀಗೆ ಬೆರೆಸಿ ತಿನ್ನುವುದರಿಂದ ಯಾವುದೇ ಒಂದು ಗಿಡದ ವಿಷ ಹೊಟ್ಟೆಯಲ್ಲಿ ಹೆಚ್ಚಾಗುವುದಿಲ್ಲ. ಈ ಸ್ವಭಾವ ಬೆಟ್ಟದಲ್ಲಿ ಕಲಿತದ್ದು. ಸುಮಾರು 10,000 ವರ್ಷಗಳ ಹಿಂದೆ ಇರಾನಿನ ಜಾಗ್ರೋಸ್ ಬೆಟ್ಟಗಳ ಕಡೆ ಕಾಡುಮೇಕೆಯನ್ನ ಮನುಷ್ಯ ಪಳಗಿಸಿದ. ಅಲ್ಲಿನ ಗಂಜ್ ದರೇ ಎಂಬ ಜಾಗದಲ್ಲಿ ಸಿಕ್ಕ ಮೂಳೆಗಳಿಂದ ಇದು ಗೊತ್ತಾಗಿದೆ.

ನೀವೇ ಮಾಡಿ ನೋಡಿ: ಮೇಕೆಯ ಕಣ್ಣಿನ ಪಾಪೆ ದುಂಡಗಿಲ್ಲ, ಅಡ್ಡಗೆರೆಯ ಹಾಗಿದೆ. ಅದು ತಲೆ ಎತ್ತಿದಾಗಲೂ ನೋಡಿ, ತಲೆ ಬಗ್ಗಿಸಿ ಮೇಯುವಾಗಲೂ ನೋಡಿ. ತಲೆ ಬಗ್ಗಿದರೂ ಗೆರೆ ನೆಲಕ್ಕೆ ಸಮಾನಾಂತರವಾಗಿಯೇ ಇರುತ್ತೆ, ಏಕೆಂದರೆ ಕಣ್ಣುಗುಡ್ಡೆಯೇ ತಿರುಗುತ್ತೆ. ಬಯಲಲ್ಲಿ ಬೇಟೆಯಾಗುವ ಪ್ರಾಣಿಗೆ ಸುತ್ತಲಿನ ನೆಲ ಅಗಲವಾಗಿ ಕಾಣಬೇಕಲ್ಲ!

ಹೊಟ್ಟೆಯೊಳಗಿನ ಹಂಡೆ

ಮೇಕೆಯ ಜಠರದಲ್ಲಿ ನಾಲ್ಕು ಭಾಗಗಳಿವೆ: ರೂಮೆನ್, ರೆಟಿಕ್ಯುಲಮ್, ಒಮಾಸಮ್, ಅಬೊಮಾಸಮ್. ಇದರಲ್ಲಿ ರೂಮೆನ್ ಅನ್ನೋದು ದೊಡ್ಡ ಹಂಡೆ. ದೋಸೆ ಹಿಟ್ಟು ಹುದುಗುವ ಹಾಗೆ ಅಲ್ಲಿ ಸೊಪ್ಪು ಹುದುಗುತ್ತೆ. ಆ ರಸದ ಒಂದೊಂದು ಮಿಲಿಲೀಟರ್‌ನಲ್ಲಿ ನೂರು ಕೋಟಿಗೂ ಮೀರಿ ಬ್ಯಾಕ್ಟೀರಿಯಾ ಇರುತ್ತವೆ. ನಾವು ಸೆಲ್ಯುಲೋಸ್ ತಿಂದರೆ ಜೀರ್ಣವಾಗಲ್ಲ, ಏಕೆಂದರೆ ಅದನ್ನ ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ನಿಜ ಹೇಳಬೇಕೆಂದರೆ ಮೇಕೆಯಲ್ಲೂ ಇಲ್ಲ! ಆ ಕಿಣ್ವ ಇರೋದು ಬ್ಯಾಕ್ಟೀರಿಯಾದಲ್ಲಿ. ಅವು ಸೆಲ್ಯುಲೋಸ್ ಒಡೆದು ಅಸಿಟಿಕ್ ಆಮ್ಲ, ಪ್ರೊಪಿಯಾನಿಕ್ ಆಮ್ಲ, ಬ್ಯುಟಿರಿಕ್ ಆಮ್ಲಗಳನ್ನ ಮಾಡುತ್ತವೆ. ಅಸಿಟಿಕ್ ಆಮ್ಲ ನಿಮಗೆ ಗೊತ್ತು, ವಿನೆಗರ್‌ನಲ್ಲಿರೋದು ಅದೇ. ಅದೇ ರಕ್ತದ ಮೂಲಕ ಕೆಚ್ಚಲಿಗೆ ಹೋಗಿ ಹಾಲಿನ ಕೊಬ್ಬಾಗುತ್ತೆ.

ಇಷ್ಟೊಂದು ಆಮ್ಲ ತಯಾರಾದರೂ ಹೊಟ್ಟೆ ಹುಳಿಯಾಗಲ್ಲ ಯಾಕೆ? ಉತ್ತರ ಮೆಲುಕಿನಲ್ಲಿದೆ. ಮೆಲುಕು ಹಾಕುವಾಗ ಜೊಲ್ಲು ಲೀಟರ್‌ಗಟ್ಟಲೆ ಸುರಿಯುತ್ತೆ. ಆ ಜೊಲ್ಲಿನಲ್ಲಿ ಬೈಕಾರ್ಬೊನೇಟ್ ಇದೆ, ಅಡುಗೆ ಸೋಡಾದಲ್ಲಿರುವಂಥದ್ದು. ಅದು ಆಮ್ಲವನ್ನ ತಟಸ್ಥ ಮಾಡಿ ಪಿಹೆಚ್ 6ರಿಂದ 7ರ ನಡುವೆ ಇಡುತ್ತೆ.

ಈಗ ಒಂದು ಅನಾಹುತ ಯೋಚಿಸಿ. ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನ "ಪಾಪ, ತಿನ್ನಲಿ" ಅಂತ ಮೇಕೆ ಮುಂದೆ ಸುರಿಯುತ್ತಾರೆ. ಇಲ್ಲವೇ ರಾಗಿ ಮೂಟೆಗೆ ಅದೇ ಬಾಯಿ ಹಾಕುತ್ತೆ. ಪಿಷ್ಟ ಬಹಳ ಬೇಗ ಹುದುಗುತ್ತೆ, ಲ್ಯಾಕ್ಟಿಕ್ ಆಮ್ಲ ರಾಶಿಯಾಗುತ್ತೆ. ಅಗಿಯುವ ಕೆಲಸ ಇಲ್ಲವಾದ್ದರಿಂದ ಜೊಲ್ಲೂ ಕಡಿಮೆ. ಪಿಹೆಚ್ 5.5ಕ್ಕಿಂತ ಕೆಳಗಿಳಿದಾಗ ನಾರು ಒಡೆಯುವ ಬ್ಯಾಕ್ಟೀರಿಯಾ ಸಾಯುತ್ತವೆ. ಮೇಕೆ ಮೆಲುಕು ನಿಲ್ಲಿಸಿ ಹಲ್ಲು ಕಡಿಯುತ್ತಾ ಮಲಗಿಬಿಡುತ್ತೆ, ಮರುದಿನಕ್ಕೆ ಸಾಯಲೂಬಹುದು. ಪ್ರೀತಿಯಿಂದ ಹಾಕಿದ ಅನ್ನವೇ ಪ್ರಾಣ ತೆಗೆಯಿತು. ಹಬ್ಬದ ಮಾರನೇ ದಿನ ಪಶು ವೈದ್ಯರಿಗೆ ಇಂಥ ಮೇಕೆಗಳು ಹೊಸದೇನಲ್ಲ. ಮೇವು ಬದಲಿಸಬೇಕಾದರೆ ಒಂದು ವಾರ, ಹತ್ತು ದಿನ ಹಿಡಿದು ನಿಧಾನವಾಗಿ ಬದಲಿಸಬೇಕು. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳಿಗೂ ಹೊಸ ಊಟ ಒಗ್ಗಬೇಕಲ್ಲ.

ನೀವೇ ಮಾಡಿ ನೋಡಿ: ಮೇಕೆಯ ಎಡಗಡೆ, ಪಕ್ಕೆಲುಬಿನ ಹಿಂದಿನ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿಯಿರಿ. ರೂಮೆನ್ ಅಲೆಯ ಹಾಗೆ ಎದ್ದು ಇಳಿಯೋದು ತಿಳಿಯುತ್ತೆ. ಆರೋಗ್ಯವಾಗಿದ್ದರೆ ನಿಮಿಷಕ್ಕೆ ಒಂದೆರಡು ಸಲ. ಏನೂ ಅಲುಗಾಡದಿದ್ದರೆ ಮನೆಯವರಿಗೆ ತಕ್ಷಣ ಹೇಳಿ.

ಜೋಳ, ಸುಬಾಬುಲ್, ಬೂಷ್ಟು ಹಿಡಿದ ಹಿಂಡಿ

ಬರಗಾಲದಲ್ಲಿ ಮೇವಿಗೆ ಸಂಬಂಧಿಸಿದ ಮೂರು ಅಪಾಯಗಳು ನಮ್ಮ ಕಡೆಯವರಿಗೆ ಗೊತ್ತಿರಲೇಬೇಕು.

ಒಂದು, ಎಳೇ ಜೋಳ. ಮಳೆ ಇಲ್ಲದೆ ಬಾಡಿದ ಜೋಳದ ಪೈರಿನಲ್ಲಿ, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆಯಲ್ಲಿ ಧುರಿನ್ ಎಂಬ ವಸ್ತು ಹೆಚ್ಚಿರುತ್ತೆ. ಹೊಟ್ಟೆಗೆ ಹೋದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಬರುತ್ತೆ. ಸಯನೈಡ್ ಮಾಡೋದು ಜೀವಕೋಶಗಳ ಉಸಿರಾಟ ನಿಲ್ಲಿಸುವ ಕೆಲಸ. ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶ ಅದನ್ನ ಬಳಸಿಕೊಳ್ಳಲಾರದು. ಮೇಕೆ ಕೆಲವೇ ನಿಮಿಷದಲ್ಲಿ ಬೀಳುತ್ತೆ. ಹೂ ಬಿಟ್ಟ ನಂತರದ ಜೋಳ, ಚೆನ್ನಾಗಿ ಒಣಗಿಸಿದ ಸಪ್ಪೆ ಇದಕ್ಕಿಂತ ಸುರಕ್ಷಿತ. "ಯಾರೋ ಕಣ್ಣು ಹಾಕಿದರು" ಅಂತ ಹೇಳುವ ಎಷ್ಟೋ ಸಾವುಗಳ ಹಿಂದೆ ಇಂಥ ರಸಾಯನಶಾಸ್ತ್ರ ಇರಬಹುದು.

ಎರಡು, ಸುಬಾಬುಲ್. ಪ್ರೋಟೀನ್ ತುಂಬಿದ ಒಳ್ಳೇ ಮೇವು. ಆದರೆ ಅದರಲ್ಲಿ ಮಿಮೋಸಿನ್ ಎಂಬ ವಿಷಕಾರಿ ವಸ್ತುವೂ ಇದೆ. ಬರೀ ಇದನ್ನೇ ತಿನ್ನಿಸಿದರೆ ಕೂದಲು ಉದುರಬಹುದು, ಥೈರಾಯ್ಡ್ ಗ್ರಂಥಿ ಕೆಡಬಹುದು. ಆಸ್ಟ್ರೇಲಿಯಾದ ದನಗಳಿಗೆ ಹೀಗೇ ಆಗುತ್ತಿತ್ತು. ಆದರೆ ಹವಾಯಿ ದ್ವೀಪದ ಮೇಕೆಗಳು ಅದೇ ಸೊಪ್ಪು ತಿಂದು ಆರಾಮಾಗಿದ್ದವು. ಇದನ್ನ ಗಮನಿಸಿದ ರೇಮಂಡ್ ಜೋನ್ಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿ ಒಂದು ಪ್ರಶ್ನೆ ಕೇಳಿದ: ವ್ಯತ್ಯಾಸ ಮೇಕೆಯಲ್ಲಿದೆಯೋ, ಮೇಕೆಯ ಹೊಟ್ಟೆಯ ಬ್ಯಾಕ್ಟೀರಿಯಾದಲ್ಲಿದೆಯೋ? 1980ರ ದಶಕದ ಆರಂಭದಲ್ಲಿ ಹವಾಯಿಯ ಮೇಕೆಯ ರೂಮೆನ್‌ನ ಬ್ಯಾಕ್ಟೀರಿಯಾಗಳನ್ನ ಆಸ್ಟ್ರೇಲಿಯಾದ ಪ್ರಾಣಿಗಳಿಗೆ ಹಾಕಿ ನೋಡಿದರು. ಅವಕ್ಕೂ ಸುಬಾಬುಲ್ ದಕ್ಕಿತು! ಆ ಬ್ಯಾಕ್ಟೀರಿಯಾಕ್ಕೆ ಆಮೇಲೆ ಸಿನರ್ಜಿಸ್ಟಿಸ್ ಜೋನ್ಸಿಯೈ ಅಂತ ಅವರದೇ ಹೆಸರಿಟ್ಟರು. ಮೇಕೆಯನ್ನ ಗಮನವಿಟ್ಟು ನೋಡಿದ್ದಕ್ಕೆ ವಿಜ್ಞಾನದಲ್ಲಿ ಒಂದು ಹೆಸರು ಉಳಿಯಿತು. ನಮ್ಮ ಮಟ್ಟಿಗೆ ಸರಳ ನಿಯಮ: ಒಟ್ಟು ಮೇವಿನಲ್ಲಿ ಸುಬಾಬುಲ್ ಮೂರನೇ ಒಂದು ಭಾಗ ಮೀರಬಾರದು. ಮಿಕ್ಕದ್ದು ಅಗಸೆ, ಗ್ಲಿರಿಸಿಡಿಯಾ, ಬೇವು, ಜಾಲಿಕಾಯಿ ಹೀಗೆ ಬೆರೆಸಿ ಕೊಡಿ.

ಮೂರು, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ಗೊತ್ತಾಗದೆ ಸತ್ತವು. ಹುಡುಕುತ್ತಾ ಹೋದರೆ ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಬೆಳೆದಿತ್ತು. ಅದು ಸುರಿಸಿದ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರು ಬಂತು. ನಮ್ಮದು ಕಡಲೆಕಾಯಿ ಸೀಮೆ ತಾನೇ? ಒದ್ದೆಯಾಗಿ ಬೂಷ್ಟು ಬಂದ ಕಾಯಿ, ಹಿಂಡಿ, ಬಳ್ಳಿಯನ್ನ "ನಮಗಾಗಲ್ಲ, ಮೇಕೆಗಾಗಲಿ" ಅನ್ನಬೇಡಿ. ಆ ವಿಷ ಮೇಕೆಯ ಯಕೃತ್ತನ್ನ ಕೆಡಿಸೋದಲ್ಲದೆ ರೂಪ ಬದಲಿಸಿ ಹಾಲಿಗೂ ಬರುತ್ತೆ. ಹಾಲು ಕಾಯಿಸಿದರೂ ಹೋಗಲ್ಲ. ಮೇಕೆಗೆ ಹಾಕಿದ್ದು ತಿರುಗಿ ನಿಮ್ಮ ಲೋಟಕ್ಕೇ ಬಂತು!

ಎಷ್ಟು ಮೇವು? ಲೆಕ್ಕ ಮಾಡೋಣ

ಮೇಕೆಯ ತೂಕ ಗೊತ್ತಾದರೆ ಮೇವಿನ ಲೆಕ್ಕ ಸುಲಭ. ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನ ಇಂಚಿನಲ್ಲಿ ತಗೊಳ್ಳಿ. ಭುಜದ ತುದಿಯಿಂದ ಪೃಷ್ಠದ ಮೂಳೆವರೆಗೆ ಉದ್ದ ತಗೊಳ್ಳಿ. ಸುತ್ತಳತೆಯ ವರ್ಗವನ್ನ ಉದ್ದದಿಂದ ಗುಣಿಸಿ 660ರಿಂದ ಭಾಗಿಸಿ. ಬರೋದು ಹೆಚ್ಚೂಕಡಿಮೆ ಕಿಲೋ ತೂಕ. ಉದಾಹರಣೆಗೆ ಸುತ್ತಳತೆ 28, ಉದ್ದ 26 ಇಂಚು ಇದ್ದರೆ 28 × 28 × 26 = 20,384. ಇದನ್ನ 660ರಿಂದ ಭಾಗಿಸಿದರೆ ಸುಮಾರು 31 ಕಿಲೋ.

30 ಕಿಲೋ ಮೇಕೆ ಅಂದುಕೊಳ್ಳಿ. ಹಾಲು ಕೊಡುವ ಮೇಕೆಗೆ ದಿನಕ್ಕೆ ತೂಕದ ಶೇ. 4ರಷ್ಟು ಒಣಪದಾರ್ಥ ಬೇಕು ಎಂದಿಟ್ಟುಕೊಂಡರೆ 1.2 ಕಿಲೋ. ಒಣಪದಾರ್ಥ ಅಂದರೆ ನೀರು ಕಳೆದು ಉಳಿದದ್ದು. ಅರ್ಧ, ಅಂದರೆ 0.6 ಕಿಲೋ ಹಸಿ ಸೊಪ್ಪಿನಿಂದ ಬರಲಿ. ಸೊಪ್ಪಿನಲ್ಲಿ ಶೇ. 75 ನೀರು ಇದ್ದರೆ ಕೊಡಬೇಕಾದ ಸೊಪ್ಪು 0.6 ÷ 0.25 = 2.4 ಕಿಲೋ. ಇನ್ನರ್ಧ ಒಣ ಕಡಲೆಕಾಯಿ ಬಳ್ಳಿಯಿಂದ. ಅದರಲ್ಲಿ ಶೇ. 10 ಮಾತ್ರ ನೀರು, ಆದ್ದರಿಂದ 0.6 ÷ 0.9, ಸುಮಾರು 0.67 ಕಿಲೋ. ಹಿಂಡಿ, ಬೂಸಾ, ಖನಿಜ ಮಿಶ್ರಣ, ಚಿಟಿಕೆ ಉಪ್ಪು ಕೊಟ್ಟಷ್ಟೂ ಇದರಲ್ಲಿ ಕಳೆಯಿರಿ. ಈಗ ಹೇಳಿ, ಬೇಸಿಗೆಯ 90 ದಿನಕ್ಕೆ ಎರಡು ಮೇಕೆಗೆ ಎಷ್ಟು ಬಳ್ಳಿ ಕೂಡಿಡಬೇಕು? ಲೆಕ್ಕ ಮಾಡಿ ಮನೆಯವರಿಗೆ ತೋರಿಸಿ. ಬಣವೆ ಒಟ್ಟುವ ಮೊದಲೇ ಈ ಲೆಕ್ಕ ಆಗಬೇಕು, ಮೇವು ಮುಗಿದ ಮೇಲಲ್ಲ.

ಯಾವ ತಳಿ?

ಬೀಟಲ್ ಪಂಜಾಬಿನದು, ಜಮುನಾಪಾರಿ ಉತ್ತರಪ್ರದೇಶದ್ದು, ಸಾನೆನ್ ಸ್ವಿಟ್ಜರ್ಲೆಂಡಿನದು. ಇವು ಹಾಲಿಗೆ ಹೆಸರಾದವು. ಹಿಂದೂಪುರಕ್ಕೆ ದೂರವಲ್ಲದ ನಂದಿ ಬೆಟ್ಟದ ಹೆಸರಿನಲ್ಲೇ ನಂದಿದುರ್ಗ ಎಂಬ ತಳಿ ಇದೆ, ದೇಶದ ನೋಂದಾಯಿತ ತಳಿಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಅದು ಮುಖ್ಯವಾಗಿ ಮಾಂಸದ ತಳಿ. ಸಾನೆನ್ ಹೆಚ್ಚು ಹಾಲು ಕೊಡುತ್ತೆ ನಿಜ, ಆದರೆ ತಂಪು ದೇಶದ ಪ್ರಾಣಿ. ಕಲ್ಯಾಣದುರ್ಗದ ಏಪ್ರಿಲ್ ಬಿಸಿಲಿಗೆ ಅದು ಏದುಸಿರು ಬಿಡುತ್ತೆ. ಜಾಹೀರಾತು ನೋಡಿ ದೂರದ ಊರಿನಿಂದ ಸಾಲ ಮಾಡಿ ತರುವ ಮೊದಲು ನಮ್ಮ ಬಿಸಿಲು, ನಮ್ಮ ಸೊಪ್ಪು, ನಮ್ಮ ನೀರಿಗೆ ಒಗ್ಗುತ್ತದೆಯೇ ಅಂತ ಕೇಳಬೇಕು. ಇಂಥ ಸಲಹೆಗೆ ಕಲ್ಯಾಣದುರ್ಗದಲ್ಲೂ ಅನಂತಪುರದ ಹತ್ತಿರದ ರೆಡ್ಡಿಪಲ್ಲಿಯಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಮೇಕೆಗಳ ಮೇಲೇ ಸಂಶೋಧನೆ ಮಾಡುವ ಕೇಂದ್ರ ಸಂಸ್ಥೆಯೊಂದು ಉತ್ತರಪ್ರದೇಶದ ಮಥುರಾ ಜಿಲ್ಲೆಯ ಮಖ್ದೂಮ್‌ನಲ್ಲಿ 1979ರಿಂದ ಇದೆ.

ವಯಸ್ಸು ನೋಡೋದು ಹಲ್ಲಿನಲ್ಲಿ. ಮೇಕೆಗೆ ಮೇಲ್ದವಡೆಯಲ್ಲಿ ಬಾಚಿಹಲ್ಲೇ ಇಲ್ಲ, ಕೆಳಗೆ ಮಾತ್ರ ಎಂಟು. ಒಂದು, ಒಂದೂವರೆ ವರ್ಷಕ್ಕೆ ನಡುವಿನ ಎರಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುತ್ತವೆ. ಆಮೇಲೆ ನಾಲ್ಕು, ಆರು, ಎಂಟು. ಸುಮಾರು ನಾಲ್ಕು ವರ್ಷಕ್ಕೆ "ಬಾಯಿ ಕೂಡಿತು" ಅಂತಾರೆ. ಸಂತೆಯಲ್ಲಿ ದಲ್ಲಾಳಿ ಬಾಯಿ ಮಾತಿಗಿಂತ ಮೇಕೆಯ ಬಾಯೇ ನಂಬಿಕಸ್ತ.

ಮರಿಯ ಮೊದಲ ದಿನ

ಮೇಕೆಯ ಗಬ್ಬದ ಅವಧಿ ಸುಮಾರು 150 ದಿನ. ಐದು ತಿಂಗಳಿಗೆ ಒಂದೋ ಎರಡೋ ಮರಿ. ಆ ಮರಿ ಬದುಕುತ್ತದೆಯೇ ಇಲ್ಲವೇ ಅನ್ನೋದು ಬಹಳ ಮಟ್ಟಿಗೆ ಮೊದಲ ಕೆಲವು ಗಂಟೆಗಳಲ್ಲೇ ತೀರ್ಮಾನವಾಗುತ್ತೆ.

ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಹುಟ್ಟುವ ಮೊದಲೇ ಜರಾಯುವಿನ ಮೂಲಕ ಮಗುವಿಗೆ ಬರುತ್ತವೆ. ಮೇಕೆಯ ಜರಾಯು ಅವನ್ನ ದಾಟಲು ಬಿಡುವುದಿಲ್ಲ. ಅಂದರೆ ಮರಿ ಹುಟ್ಟುವಾಗ ರೋಗದ ಎದುರು ಬರಿಗೈ. ಪ್ರತಿಕಾಯ ಇರೋದು ಗಿಣ್ಣುಹಾಲಿನಲ್ಲಿ. ಮರಿಯ ಕರುಳು ಆ ದೊಡ್ಡ ಪ್ರೋಟೀನ್ ಅಣುಗಳನ್ನ ಇಡಿಯಾಗಿ ಒಳಗೆ ಬಿಡೋದು ಮೊದಲ 24 ಗಂಟೆ ಮಾತ್ರ. ಗಂಟೆ ಕಳೆದಷ್ಟೂ ಬಾಗಿಲು ಮುಚ್ಚುತ್ತಾ ಬರುತ್ತೆ.

ಕೆಲವು ಮನೆಗಳಲ್ಲಿ "ಮಾಸು ಬೀಳುವವರೆಗೂ ಮರಿಗೆ ಹಾಲು ಕುಡಿಸಬಾರದು" ಅನ್ನುವ ಪದ್ಧತಿ ಇದೆ. ಇನ್ನು ಕೆಲವು ಕಡೆ ಗಿಣ್ಣನ್ನ ಮನೆಮಂದಿಯೇ ಕಾಯಿಸಿ ತಿಂದುಬಿಡುತ್ತಾರೆ. ಮೂರನೇ ದಿನಕ್ಕೆ ಮರಿ ಭೇದಿಯಾಗಿ ಸತ್ತರೆ ಹಣೆಬರಹ ಅಂತಾರೆ. ಅದು ಹಣೆಬರಹವಲ್ಲ. ಎರಡು ಕಿಲೋ ಮರಿಗೆ ಮೊದಲ ದಿನ ತೂಕದ ಹತ್ತನೇ ಒಂದು ಭಾಗ, ಅಂದರೆ ಸುಮಾರು 200 ಮಿಲಿಲೀಟರ್ ಗಿಣ್ಣು ಹೋಗಬೇಕು. ಅದನ್ನೂ ಮೂರು ನಾಲ್ಕು ಸಲವಾಗಿ, ಮೊದಲ ಸಲ ಹುಟ್ಟಿದ ಒಂದು ಗಂಟೆಯ ಒಳಗೆ. ಮಾಸು ಬೀಳೋದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಷ್ಟೇ ಅಲ್ಲ, ಮರಿ ಚೀಪಿದಾಗ ತಾಯಿಯಲ್ಲಿ ಆಕ್ಸಿಟೋಸಿನ್ ಹಾರ್ಮೋನ್ ಹೊರಟು ಗರ್ಭಕೋಶ ಸಂಕುಚಿಸುತ್ತೆ, ಮಾಸು ಬೀಳೋದಕ್ಕೂ ಅದರಿಂದ ಸಹಾಯವೇ. ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಮರಿಯನ್ನ ಒರೆಸಿ ಬೆಚ್ಚಗಿಡಿ.

ಇದನ್ನ ನಿಮ್ಮ ಅಜ್ಜಿಗೆ ಹೇಗೆ ಹೇಳ್ತೀರಿ? "ನಿನಗೇನೂ ಗೊತ್ತಿಲ್ಲ ಅಜ್ಜಿ" ಅಂದರೆ ಕೆಲಸ ಕೆಡುತ್ತೆ. ಅಜ್ಜಿಗೆ ನಮಗಿಂತ ಹೆಚ್ಚು ಮೇಕೆ ಗೊತ್ತು. "ಅವಳಿ ಮರಿ ಹುಟ್ಟಿದಾಗ ಮೊದಲು ಕುಡಿದ ಮರಿ ಗಟ್ಟಿಯಾಗುತ್ತೋ, ಕೊನೆಗೆ ಕುಡಿದದ್ದೋ ಅಜ್ಜಿ?" ಅಂತ ಕೇಳಿ. ಉತ್ತರ ಅವರೇ ಹೇಳ್ತಾರೆ.

ಹಾಲು: ನಿಜವೆಷ್ಟು, ನಂಬಿಕೆಯೆಷ್ಟು

ಹಾಲು ಕರೆಯುವ ಮೊದಲು ಕೈ ತೊಳೆದು, ಕೆಚ್ಚಲನ್ನ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ. ಮೊದಲ ನಾಲ್ಕು ಹನಿಯನ್ನ ಕಪ್ಪು ಬಟ್ಟೆ ಮೇಲೆ ಹಿಂಡಿ ನೋಡಿ. ಗಡ್ಡೆ ಕಟ್ಟಿದ್ದರೆ ಅದು ಕೆಚ್ಚಲು ಬಾವಿನ ಸೂಚನೆ. ಮೇಕೆಯನ್ನ ಗದರಿಸಬೇಡಿ. ಹೆದರಿದಾಗ ಅಡ್ರಿನಲಿನ್ ಏರುತ್ತೆ, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸ ನಿಲ್ಲುತ್ತೆ. ಕರೆದ ಮೇಲೆ ಮೇವು ಹಾಕಿ. ಮೊಲೆತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಅದು ಗಲೀಜು ನೆಲದಲ್ಲಿ ಮಲಗದೆ ನಿಂತಿರಲಿ.

ಮೇಕೆ ಹಾಲು ಹಸುವಿನ ಹಾಲಿಗಿಂತ ಬೆಳ್ಳಗಿರುತ್ತೆ. ಸೊಪ್ಪಿನ ಹಳದಿ ಕ್ಯಾರೊಟಿನ್ ಅನ್ನು ಮೇಕೆಯ ದೇಹ ಬಣ್ಣವಿಲ್ಲದ ವಿಟಮಿನ್ ಎ ಆಗಿ ಬದಲಿಸಿಬಿಡುತ್ತೆ. ಕೊಬ್ಬಿನ ಕಣಗಳು ಸಣ್ಣವು, ಅವನ್ನ ಒಂದಕ್ಕೊಂದು ಅಂಟಿಸುವ ಪ್ರೋಟೀನ್ ಕೂಡ ಈ ಹಾಲಿನಲ್ಲಿಲ್ಲ. ಹಾಗಾಗಿ ಕೆನೆ ಬೇಗ ಮೇಲೆ ಬರಲ್ಲ. ಎರಡು ಲೋಟದಲ್ಲಿ ಎರಡೂ ಹಾಲನ್ನ ರಾತ್ರಿ ಇಟ್ಟು ಬೆಳಿಗ್ಗೆ ಹೋಲಿಸಿ. ಅದರ ವಾಸನೆಗೆ ಕಾರಣವಾದ ಮೂರು ಕೊಬ್ಬಿನ ಆಮ್ಲಗಳ ಹೆಸರು ಕ್ಯಾಪ್ರಾಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್. ಇವುಗಳಲ್ಲಿ ಕ್ರಮವಾಗಿ 6, 8, 10 ಇಂಗಾಲದ ಪರಮಾಣುಗಳಿವೆ. ಲ್ಯಾಟಿನ್‌ನಲ್ಲಿ ಮೇಕೆಗೆ ಕ್ಯಾಪ್ರಾ ಅಂತಾರೆ, ಹೆಸರು ಬಂದದ್ದು ಅಲ್ಲಿಂದ. ಹೋತವನ್ನ ಹಾಲು ಕರೆಯುವ ಜಾಗದಿಂದ ದೂರ ಕಟ್ಟಿದರೆ ವಾಸನೆ ಎಷ್ಟೋ ಕಡಿಮೆ.

ಗಾಂಧೀಜಿ ಮೇಕೆ ಹಾಲು ಕುಡಿಯುತ್ತಿದ್ದದ್ದು ನಿಮಗೆ ಗೊತ್ತು. ಹಾಲು ಬಿಡುವ ವ್ರತ ಮಾಡಿದ್ದ ಅವರು 1919ರ ಆರಂಭದಲ್ಲಿ ಕಾಯಿಲೆಯಿಂದ ಬಹಳ ಸೊರಗಿದ್ದರು. ವ್ರತ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ಹಾಲು ತಾನೇ, ಮೇಕೆ ಹಾಲಿಗೇನು ಅಡ್ಡಿ ಅಂತ ಕಸ್ತೂರಬಾ ಕೇಳಿದ ಮೇಲೆ ಅದನ್ನ ಕುಡಿಯಲು ಶುರು ಮಾಡಿದರು.

ಒಳ್ಳೆಯ ಹಾಲು ಅಂತ ಹಸಿಯಾಗಿ ಕುಡಿಯಬೇಡಿ. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರಿಗೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಅದರ ಬ್ಯಾಕ್ಟೀರಿಯಾ ಹುಡುಕಿದ. ಅದು ಬರೋದು ಎಲ್ಲಿಂದ ಅಂತ ಗೊತ್ತಾಗಲು ಇನ್ನೂ 18 ವರ್ಷ ಬೇಕಾಯಿತು. 1905ರಲ್ಲಿ ಮಾಲ್ಟಾದವನೇ ಆದ ಥೆಮಿಸ್ಟೊಕ್ಲಿಸ್ ಝಾಮಿಟ್ ನೋಡಲು ಆರೋಗ್ಯವಾಗಿದ್ದ ಮೇಕೆಗಳ ರಕ್ತ ಪರೀಕ್ಷೆ ಮಾಡಿದ. ರೋಗ ಅಲ್ಲಿತ್ತು. ಸೈನಿಕರಿಗೆ ಹಸಿ ಮೇಕೆ ಹಾಲು ನಿಲ್ಲಿಸಿದ ಕೂಡಲೇ ಜ್ವರ ಇಳಿಯಿತು. ಈ ಬ್ರುಸೆಲ್ಲಾ ರೋಗ ನಮ್ಮ ದೇಶದಲ್ಲೂ ಇದೆ. ಹಾಲನ್ನ ಉಕ್ಕಿಸಿಯೇ ಕುಡಿಯಿರಿ. ಮೇಕೆ ಕಂದು ಹಾಕಿದರೆ, ಅಂದರೆ ಗರ್ಭಪಾತವಾದರೆ, ಬರಿಗೈಲಿ ಅದನ್ನ ಮುಟ್ಟಬೇಡಿ.

ಇನ್ನೊಂದು ಮಾತು, ಮನೆಯಲ್ಲಿ ಪುಟ್ಟ ತಮ್ಮ ತಂಗಿ ಇರುವವರಿಗೆ. ಮೊದಲ ಆರು ತಿಂಗಳು ಕೂಸಿಗೆ ತಾಯಿಹಾಲು ಮಾತ್ರ. ಮೇಕೆ ಹಾಲಿನಲ್ಲಿ ಫೋಲಿಕ್ ಆಮ್ಲ ಬಹಳ ಕಡಿಮೆ. ಬರೀ ಅದನ್ನೇ ಕುಡಿದು ಬೆಳೆದ ಕೂಸಿಗೆ ರಕ್ತಹೀನತೆ ಬರುತ್ತೆ. ಡೆಂಗಿ ಜ್ವರ ಬಂದಾಗ ಮೇಕೆ ಹಾಲಿಗೆ ಓಡಾಡುವುದನ್ನೂ ನೋಡಿರುತ್ತೀರಿ. ಅದು ಪ್ಲೇಟ್‌ಲೆಟ್ ಹೆಚ್ಚಿಸುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ರೋಗಿಯನ್ನ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಕಣ್ಣಿನ ಬಣ್ಣ, ಲಸಿಕೆಯ ದಿನ

ಮೇಕೆಯ ಕೆಳರೆಪ್ಪೆಯನ್ನ ಮೆಲ್ಲಗೆ ಇಳಿಸಿ ಒಳಗಿನ ಬಣ್ಣ ನೋಡಿ. ಕೆಂಪಾಗಿದ್ದರೆ ಒಳ್ಳೇದು. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ. ಅದಕ್ಕೆ ದೊಡ್ಡ ಕಾರಣ ಹೀಮಾಂಕಸ್ ಎಂಬ ಜಂತುಹುಳು. ಅದು ಅಬೊಮಾಸಮ್‌ನಲ್ಲಿ ಕೂತು ರಕ್ತ ಹೀರುತ್ತೆ, ಒಂದು ಹೆಣ್ಣುಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತೆ. ರಕ್ತದ ಪ್ರೋಟೀನ್ ಕಡಿಮೆಯಾದಾಗ ದವಡೆಯ ಕೆಳಗೆ ನೀರು ತುಂಬಿ ಚೀಲದ ಹಾಗೆ ಊದಿಕೊಳ್ಳುತ್ತೆ. ಕಣ್ಣಿನ ಬಣ್ಣ ನೋಡಿ ಐದು ದರ್ಜೆ ಕೊಡುವ ವಿಧಾನವನ್ನ ದಕ್ಷಿಣ ಆಫ್ರಿಕಾದವರು ರೂಪಿಸಿದರು. ಎಲ್ಲಕ್ಕೂ ಸುಮ್ಮನೆ ಔಷಧಿ ಕುಡಿಸುವ ಬದಲು ಬಿಳಿಚಿಕೊಂಡವಕ್ಕೆ ಮಾತ್ರ ಕುಡಿಸಿದರೆ ಹುಳುಗಳು ಔಷಧಿಗೆ ಬಗ್ಗದಂತಾಗುವುದು ತಡವಾಗುತ್ತೆ. ಈ ಹುಳುವಿನ ಮರಿಗಳು ಇಬ್ಬನಿಯ ತೇವದಲ್ಲಿ ಗಿಡ್ಡ ಹುಲ್ಲಿನ ಮೇಲೆ ಹತ್ತುತ್ತವೆ. ಮಳೆಗಾಲದ ಬೆಳಿಗ್ಗೆ ಬಿಸಿಲು ಏರಿದ ಮೇಲೆ ಮೇಯಲು ಬಿಡಿ. ಸೊಪ್ಪನ್ನ ನೆಲಕ್ಕೆ ಹಾಕದೆ ಮೇಕೆಯ ತಲೆ ಎತ್ತರಕ್ಕೆ ಕಟ್ಟಿ. ನೋಡಿ, ಮೇಕೆಯ ತಲೆ ಎತ್ತಿ ತಿನ್ನುವ ಬುದ್ಧಿ ಅದರ ಆರೋಗ್ಯಕ್ಕೂ ಒಳ್ಳೇದೇ.

ಇನ್ನು ಪಿಪಿಆರ್. ಕನ್ನಡದಲ್ಲಿ ಹಿರೇಬೇನೆ ಅಂತಾರೆ, ನಮ್ಮ ಪಶು ಆಸ್ಪತ್ರೆಯ ತೆಲುಗು ಫಲಕದಲ್ಲಿ ಪಾರುಡು ರೋಗ ಅಂತಿರುತ್ತೆ. ಎರಡೂ ಒಂದೇ. ವೈರಸ್‌ನಿಂದ ಬರುವ ಈ ರೋಗ ಭಾರತದಲ್ಲಿ ಮೊದಲು ಕಂಡದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಜ್ವರ, ಮೂಗಿನಲ್ಲಿ ಸುರಿತ, ಬಾಯಿ ಹುಣ್ಣು, ಭೇದಿ, ನ್ಯುಮೋನಿಯಾ. ಒಂದು ರೊಪ್ಪಕ್ಕೆ ಬಂದರೆ ಅರ್ಧ ಖಾಲಿಯಾಗಬಹುದು. ಚಿಕಿತ್ಸೆಗಿಂತ ಲಸಿಕೆ ಮೇಲು. ನಮ್ಮ ದೇಶದಲ್ಲೇ ತಯಾರಾದ ಲಸಿಕೆ ಒಮ್ಮೆ ಹಾಕಿಸಿದರೆ ಮೂರು ವರ್ಷ ಕಾಯುತ್ತೆ. ಇದರ ಹತ್ತಿರದ ಸಂಬಂಧಿ ದನಗಳ ದೊಡ್ಡರೋಗವನ್ನ ಲಸಿಕೆಯಿಂದಲೇ ಭೂಮಿಯಿಂದ ಅಳಿಸಿದ್ದೇವೆ, 2011ರಲ್ಲಿ ಅದರ ಘೋಷಣೆಯಾಯಿತು. ಪಿಪಿಆರ್ ಅನ್ನು 2030ರೊಳಗೆ ಹಾಗೇ ಅಳಿಸಬೇಕೆಂದು ಜಗತ್ತಿನ ದೇಶಗಳು ಗುರಿ ಇಟ್ಟುಕೊಂಡಿವೆ. ಆ ಕೆಲಸದಲ್ಲಿ ನಿಮ್ಮ ಹಿತ್ತಲಿನ ಎರಡು ಮೇಕೆಗಳೂ ಲೆಕ್ಕಕ್ಕೆ ಬರುತ್ತವೆ. ಕಾಯಿಲೆ ಕಂಡರೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನದ ಸಂಖ್ಯೆ ಅದು.

ಲೆಕ್ಕದ ಪುಸ್ತಕ ಮತ್ತು ಶಾಲೆಯ ಗಂಟೆ

ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳು ಸಾಕು. ದಿನಾಂಕ, ಬೆಳಿಗ್ಗೆ ಹಾಲು, ಸಂಜೆ ಹಾಲು, ಏನು ತಿಂತು, ಬೆದೆಗೆ ಬಂದ ದಿನ, ಲಸಿಕೆಯ ದಿನ, ಖರ್ಚು ಬರೆಯಿರಿ. ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತೆ. ಹೋತ ಬಿಟ್ಟ ದಿನಕ್ಕೆ 150 ಕೂಡಿದರೆ ಮರಿ ಹಾಕುವ ದಿನ. ಅದಕ್ಕಿಂತ 60 ದಿನ ಮುಂಚೆ ಹಾಲು ಬತ್ತಿಸಬೇಕು. ದಿನಕ್ಕೆ ಒಂದೂಕಾಲು ಲೀಟರ್ ಕೊಡುವ ಮೇಕೆ 150 ದಿನ ಕರೆದರೆ 187.5 ಲೀಟರ್. ಮೊದಲ 60 ದಿನ ಅರ್ಧ ಹಾಲು ಮರಿಗೆ ಬಿಟ್ಟರೆ 37.5 ಲೀಟರ್ ಕಳೆದು ಮನೆಗೆ 150 ಲೀಟರ್. ನಿಮ್ಮ ಮೇಕೆಯ ನಿಜವಾದ ಅಂಕಿ ಹಾಕಿ ನೋಡಿ. ಖರ್ಚು ಕಳೆದರೆ ಏನು ಉಳಿಯಿತು? ಏನೂ ಉಳಿಯದಿದ್ದರೆ ಯಾಕೆ?

ಖರ್ಚಿನ ಕಡೆ ಒಂದು ಸಾಲು ಯಾರೂ ಬರೆಯಲ್ಲ: ಮೇಕೆ ಹಿಂದೆ ಹೋದವರ ಹೊತ್ತು. ಎಷ್ಟೋ ಮನೆಗಳಲ್ಲಿ ಆ ಹೊತ್ತು ಎಂಟನೇ ತರಗತಿಯ ಹುಡುಗಿಯದು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಅಂತ ಬೀಳುತ್ತೆ, ಮನೆಯ ಲೆಕ್ಕದಲ್ಲಿ ಮಾತ್ರ ಅದು ಸೊನ್ನೆ ಖರ್ಚು. ಇದು ಸರಿಯಾದ ಲೆಕ್ಕ ಅಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಎಂದು 2009ರ ಕಾಯ್ದೆ ಹೇಳುತ್ತೆ. ಎರಡು ಮೂರು ಮೇಕೆಗೆ ಬೇಕಾದ ಸೊಪ್ಪನ್ನ ಬೇಲಿಯ ಸಾಲಲ್ಲೇ ಬೆಳೆದು, ಬೆಳಿಗ್ಗೆ ಸಂಜೆ ಕಟ್ಟಿ ಹಾಕಿ ಮೇಯಿಸಿದರೆ ಯಾರೂ ಶಾಲೆ ಬಿಡಬೇಕಿಲ್ಲ. ಒಂದು ಮೇಕೆಗೆ ಮಲಗಲು ಸುಮಾರು ಒಂದು ಚದರ ಮೀಟರ್ ನೆರಳು, ಅದರ ಎರಡರಷ್ಟು ಬಯಲು ಸಾಕು. ಈ ಮಾತನ್ನ ಮನೆಯಲ್ಲಿ ಹೇಳೋಕೆ ಅಂಜಿಕೆಯಾದರೆ ಈ ಪತ್ರಿಕೆಯನ್ನೇ ಅಪ್ಪ ಅಮ್ಮನಿಗೆ ಓದಿ ಹೇಳಿ. ಅದೂ ಕಷ್ಟವಾದರೆ ನಿಮ್ಮ ಮೇಷ್ಟ್ರಿಗೆ, ಟೀಚರಿಗೆ ತಿಳಿಸಿ. ಬಂದು ಮಾತಾಡೋದು ನಮ್ಮ ಕೆಲಸ.

ಈ ತಿಂಗಳ ಚಟುವಟಿಕೆ ಇಷ್ಟು. ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಂದು ಮೇಕೆಯನ್ನ ಆರಿಸಿಕೊಳ್ಳಿ. ಒಂದು ಭಾನುವಾರ ಒಂದು ಗಂಟೆ ಅದರ ಹಿಂದೆ ನಡೆದು, ಅದು ತಿಂದ ಗಿಡ ಯಾವುವು, ಮೂಸಿ ಬಿಟ್ಟ ಗಿಡ ಯಾವುವು ಅಂತ ಎರಡು ಪಟ್ಟಿ ಬರೆಯಿರಿ. ಹೆಸರು ಗೊತ್ತಿಲ್ಲದ ಗಿಡದ ಎಲೆಯನ್ನ ಒತ್ತಿಟ್ಟುಕೊಂಡು ತರಗತಿಗೆ ತನ್ನಿ. ಗಿಡಕ್ಕೆ ನಿಮ್ಮೂರಲ್ಲಿ ಕನ್ನಡದಲ್ಲಿ ಏನಂತಾರೆ, ತೆಲುಗಿನಲ್ಲಿ ಏನಂತಾರೆ ಎರಡನ್ನೂ ಬರೆಯಿರಿ. ಎಲ್ಲ ಶಾಲೆಗಳ ಪಟ್ಟಿ ಸೇರಿದರೆ ನಮ್ಮ ಸೀಮೆಯ ಮೇಕೆ ಮುಟ್ಟದ ಸೊಪ್ಪು ಎಷ್ಟು ಅಂತ ಮೊದಲ ಬಾರಿಗೆ ನಮ್ಮ ಕೈಯಲ್ಲೇ ಒಂದು ಲೆಕ್ಕ ಸಿಗುತ್ತೆ.